ರೊಟ್ಟಿ ಸಪ್ಪಳದ ಯಂತ್ರ

ಇಳಕಲ್ಲ
ರವಿವಾರ, ೫ ಜನವರಿ ೨೦೨೫

ನಮ್ಮ ಮನೆಯವರಿಗೆ ಸಾವಿತ್ರೆವ್ವ ಮಾಡುವ ಶರಣು ಶರಣಾರ್ಥಿ.

ಹೇಗಿದ್ದೀರಿ? ಮೊದಲು ಅದನ್ನು ಕೇಳಿಬಿಡುತ್ತೇನೆ, ಆಮೇಲೆ ಸುದ್ದಿಯ ಗದ್ದಲದಲ್ಲಿ ಮರೆತು ಹೋದೀತು. ಹೊಳೆ ದಂಡೆಯ ಥಂಡಿ ಗಾಳಿಗೆ ನಿಮ್ಮ ಕೆಮ್ಮು ಏನನ್ನುತ್ತದೆ? ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತೀರೋ, ಇಲ್ಲಾ ಅದನ್ನೂ ಗುರಪ್ಪಣ್ಣನ ಪಂಪಿಗೆ ಸುರಿದಿರೋ? ಸಿಟ್ಟಿನಲ್ಲಿ ಮನೆ ಬಿಡುವಾಗ ನಟ್ಟು ಬಿಚ್ಚುವ ಪಾನಾಗಳ ಚೀಲ ಮರೆಯಲಿಲ್ಲ ನೀವು, ಮಫ್ಲರ್ ಮರೆತಿರಿ. ಅದು ಇಲ್ಲೇ ಗೂಟಕ್ಕೆ ತೂಗಾಡುತ್ತಿದೆ. ಗುರಪ್ಪಣ್ಣ, ಸೋಮವ್ವ, ಅವರ ಕುರಿಗಳು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ಗುರಪ್ಪಣ್ಣನಿಗೆ ಹೇಳಿ, ಸಾಲಿ ಗೆಳೆಯ ಬಂದನೆಂದು ಮೂರು ದಿನ ಇಟ್ಟುಕೊಂಡರೆ ಅದು ಸ್ನೇಹ, ಮೂರು ವಾರ ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಇಲ್ಲಿ ನಾನು ಆರಾಮ ಇದ್ದೇನೆ. (ಇದನ್ನು ಬರೆಯುವ ಹೊತ್ತಿಗೆ ಖುಶನುಮಾ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬರಿ ಅಂದೆ, ಬರೆದಳು.)

ಹೌದು, ಅಕ್ಷರ ನನ್ನವಲ್ಲ, ಗಾಬರಿಯಾಗಬೇಡಿ. ಕಣ್ಣಿಗೆ ಹಾಕುವ ನನ್ನ ಚಾಳೀಸಿನ ಕಡ್ಡಿ ಮುರಿದು ರಿಪೇರಿಗೆ ಹೋಗಿದೆ. ಅದಕ್ಕೆ ನಾನು ಹೇಳುತ್ತಿದ್ದೇನೆ, ಪಕ್ಕದ ಮನೆ ಗುಲಾಬಬಿಯ ಸೊಸೆ ಖುಶನುಮಾ ಬರೆಯುತ್ತಿದ್ದಾಳೆ. ಅಂಗನವಾಡಿ ಟೀಚರ್ ಅಲ್ಲವೇ, ನಾನು ನಮ್ಮ ಮಾತಿನಲ್ಲಿ ಹೇಳಿದ್ದನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯುತ್ತಾಳೆ. ಮಾತು ನನ್ನವು, ಕಾಗುಣಿತ ಅವಳದು. ಫೋನು ಮಾಡಬಾರದಿತ್ತೇ ಎಂದು ಕೇಳುತ್ತೀರಿ. ನಿಮ್ಮ ಫೋನು ಇಲ್ಲೇ ಇದೆ, ಯಂತ್ರದ ಮೇಲೆ ಇಟ್ಟು ಹೋದಿರಿ. ಗುರಪ್ಪಣ್ಣನ ಫೋನಿಗೆ ಎರಡು ಸಲ ಮಾಡಿದೆ. ಎರಡೂ ಸಲ ಹಿಂದಿನಿಂದ ನಿಮ್ಮ ದನಿ, "ಇಲ್ಲಂತ ಹೇಳಲೇ" ಅಂತ, ನನಗೆ ನೆಟ್ಟಗೆ ಕೇಳಿಸಿತು. ಪಾಪ, ಕುರಿ ಕಾಯುವ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, "ಇಲ್ಲಂತ ಹೇಳಂತಾನವ್ವಾ" ಅಂದ. ಪತ್ರವಾದರೆ ನೀವು ಓದಲೇಬೇಕು. ಕಾಗದ ಕಂಡರೆ ಜೋಳದ ಚೀಲದ ಮೇಲಿನ ಬರಹವನ್ನೂ ಬಿಡದ ಮನುಷ್ಯ ನೀವು.

ಈಗ ಸುದ್ದಿ. ನಿಂತಿದ್ದರೆ ಕೂತುಕೊಳ್ಳಿ. ನಾನು ಒಂದು ಯಂತ್ರ ಮಾಡಿದ್ದೇನೆ! ಓಡುತ್ತದೆ! ಐದು ದಿನದಿಂದ ಓಡುತ್ತಿದೆ! ಮತ್ತು ಇಡೀ ಜಗತ್ತಿನಲ್ಲಿ ಅದರಷ್ಟು ಕೆಲಸಕ್ಕೆ ಬಾರದ ಯಂತ್ರ ಇನ್ನೊಂದಿಲ್ಲ. ನಿಮ್ಮ ನೀರಿನ ಟಾಕಿಯ ಯಂತ್ರವೂ ಅದರ ಮುಂದೆ ಕೈ ಕಟ್ಟಿ ನಿಲ್ಲಬೇಕು. ನೆನಪಿದೆಯಲ್ಲ ಆ ಟಾಕಿ? ನೀರು ತುಂಬಿದರೆ ನಿಮ್ಮದೇ ದನಿಯಲ್ಲಿ "ಸಾಕ್ರಿ ಸಾಕು, ತುಂಬೇತಿ!" ಎಂದು ಮಾಳಿಗೆಯ ಮೇಲಿಂದ ಕೂಗುವಂತೆ ಮಾಡಿದ್ದಿರಿ. ಗುಲಾಬಬಿಯ ಮಗ ಇಮಾಮಹುಸೇನನ ಮದುವೆ ದಿನ, ಪಂಗ್ತಿಯಲ್ಲಿ ಅನ್ನ ಬಡಿಸುವ ಹೊತ್ತಿಗೆ ಸರಿಯಾಗಿ ನಳ ಬಂದು ಟಾಕಿ ತುಂಬಿತು. "ಸಾಕ್ರಿ ಸಾಕು" ಎಂದು ಮೇಲಿಂದ ಕೂಗಿದ್ದೇ ತಡ, ಬಡಿಸುವವರು ಬಕೀಟು ಹಿಡಿದು ಹಿಂದಕ್ಕೆ ಹೋದರು, ಬೀಗರು ಎಲೆ ಬಿಟ್ಟು ಎದ್ದರು. (ಮದುಮಗಳು ಖುಶನುಮಾ ಇದನ್ನು ಬರೆಯುತ್ತಾ ಇನ್ನೂ ನಗುತ್ತಿದ್ದಾಳೆ. ಅವತ್ತು ಅವಳ ಮಾವ ನಗಲಿಲ್ಲ.) ಆಮೇಲೆ ಸೈಕಲ್ ತುಳಿದು ಮೆಣಸಿನಕಾಯಿ ಕುಟ್ಟುವ ಯಂತ್ರ ಬಂತು, ಓಣಿಯೆಲ್ಲ ಎರಡು ದಿನ ಸೀನಿತು. ನಲವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದ ಮನುಷ್ಯ ಅಂಗಡಿ ಮುಚ್ಚಿ ಮನೆಯಲ್ಲಿ ಕೂತರೆ ಹೀಗೇ ಆಗುವುದು ಅಂತ ನಾನೂ ಸುಮ್ಮನಿದ್ದೆ. ಆದರೆ ರೊಟ್ಟಿ ಯಂತ್ರದ ದಿನ ನನಗೆ ಸುಮ್ಮನಿರಲು ಆಗಲಿಲ್ಲ. ಆ ದಿನದ ಅರ್ಧ ಕಥೆ ಮಾತ್ರ ನಿಮಗೆ ಗೊತ್ತು. ಇನ್ನರ್ಧ ಕೇಳುವ ಮೊದಲೇ ಬಸ್ಸು ಹತ್ತಿದಿರಿ.

ನಿಮಗೆ ಗೊತ್ತಿದ್ದದ್ದು ಇಷ್ಟು. ಒಂದು ತಿಂಗಳು ಅಟ್ಟದ ಮೇಲೆ ಬಡಿದು, ಕೊರೆದು, ಆ ಯಂತ್ರ ಇಳಿಸಿದಿರಿ. ಹಿಟ್ಟಿನ ಉಂಡೆ ಇಟ್ಟು ಗುಂಡಿ ಒತ್ತಿದರೆ ಎರಡು ತಟ್ಟೆಗಳ ನಡುವೆ ಅದು ಹುಣ್ಣಿಮೆಯ ಚಂದ್ರನಂತೆ ಅಗಲವಾಗಿ ಬಂತು, ಎತ್ತಿ ಹಂಚಿನ ಮೇಲೆ ಹಾಕಿದರೆ ಮುಗಿಯಿತು. "ಜಗತ್ತಿನ ಹೆಣ್ಮಕ್ಕಳ ಸಲುವಾಗಿ ಮಾಡೇನಿ" ಅಂದಿರಿ. ನಾನು ಮೂಗು ಮುರಿದೆ. ಆದರೂ ನಲವತ್ತು ವರ್ಷದಲ್ಲಿ ಮೊದಲ ಸಲ ಮುಂಜಾನೆ ಏಳಕ್ಕೆ ಕೈ ಖಾಲಿ ಇತ್ತಲ್ಲ, ತಲೆ ಎರೆದುಕೊಳ್ಳೋಣವೆಂದು ಹಿತ್ತಲ ಬಚ್ಚಲಿಗೆ ಹೋದೆ. ಇನ್ನು ನಿಮಗೆ ಗೊತ್ತಿಲ್ಲದ್ದು. ಈ ಓಣಿಯಲ್ಲಿ ಯಾರೂ ಯಾರ ಮನೆಗೂ ಬಂದು "ಆರಾಮ ಅದೀರೇನ್ರಿ" ಎಂದು ದಿನಾ ಕೇಳುವುದಿಲ್ಲ. ಕೇಳಬೇಕಿಲ್ಲ. ಮುಂಜಾನೆ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂದರೆ ಆ ಮನೆ ಆರಾಮ ಇದೆ ಎಂದು ಅರ್ಥ. ಸಪ್ಪಳ ಬರದಿದ್ದರೆ ಒಲೆ ಹೊತ್ತಿಲ್ಲ. ಒಲೆ ಹೊತ್ತದ ಮನೆ ಯಾವುದು, ನೀವೇ ಹೇಳಿ. ನಿಮ್ಮ ಯಂತ್ರ ಬೆಕ್ಕಿನ ಹಾಗೆ ಸಪ್ಪಳವಿಲ್ಲದೆ ರೊಟ್ಟಿ ಮಾಡುತ್ತಿತ್ತು!

ಏಳೂ ಕಾಲಿಗೆ ಗುಲಾಬಬಿ ಕಿವಿಗೊಟ್ಟಳಂತೆ. ಏಳೂವರೆಗೆ ಕಣ್ಣಲ್ಲಿ ನೀರು ಬಂತಂತೆ. ತನ್ನ ಮನೆಯ ರೊಟ್ಟಿ, ಝುಣಕ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು, ಸತ್ತವರ ಮನೆಗೆ ತರುವ ಹಾಗೆ ತಂದಳು. ಅವಳನ್ನು ನೋಡಿ ಎದುರುಮನೆ ಸಂಗವ್ವ ಬಂದಳು. ಇಮಾಮಹುಸೇನ ಬೆಂಚು ತಂದು ಹೊರಗೆ ಹಾಕಿದ. ನಾನು ಎಲ್ಲೂ ಕಾಣಲಿಲ್ಲವಲ್ಲ, ಹಾಗಾದರೆ ಹೋದವಳು ನಾನೇ ಎಂದು ಸಂಗವ್ವ ತೀರ್ಮಾನ ಮಾಡಿ ಹಾಡಿಕೊಂಡು ಅಳಲು ಶುರು ಮಾಡಿಯೇ ಬಿಟ್ಟಳು. ಬಚ್ಚಲಲ್ಲಿ ಕೂತು ಕೇಳುತ್ತೇನೆ, "ಮಲ್ಲಿಗಿ ಹೂವಿನಂಥ ರೊಟ್ಟಿ ಬಡಿತಿದ್ದೆಲ್ಲವ್ವಾ, ನನ್ನಕ್ಕಾ!" ಅಂತ ಯಾರೋ ಅಳುತ್ತಿದ್ದಾರೆ. ಪಾಪ, ಯಾರು ಹೋದರೋ ಎಂದು ತಲೆಗೂದಲು ಬಿಟ್ಟುಕೊಂಡೇ ಹೊರಗೆ ಓಡಿ ಬಂದೆ. ನನ್ನನ್ನು ನೋಡಿ ಸಂಗವ್ವ ಚೀರಿದ್ದು ನಿಮಗೂ ಕೇಳಿರಬೇಕು. ಇಪ್ಪತ್ತು ವರ್ಷದಲ್ಲಿ ನನ್ನ ರೊಟ್ಟಿಯನ್ನು ಒಮ್ಮೆಯೂ ಹೊಗಳದವಳು ನಾನು ಸತ್ತ ಮೇಲೆ ಹೊಗಳಿದಳು, ಅದನ್ನೂ ಪೂರ್ತಿ ಕೇಳಲಿಲ್ಲ ನಾನು. ಅಷ್ಟರಲ್ಲಿ ನೀವು ಒಳಗಿಂದ ಮೊದಲನೆಯ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಮುಖವೆಲ್ಲ ನಗುವಾಗಿ ಹೊರಗೆ ಬಂದಿರಿ. ಅಷ್ಟು ಜನರನ್ನು ಕಂಡು ಯಂತ್ರ ನೋಡಲು ಬಂದಿದ್ದಾರೆ ಎಂದುಕೊಂಡಿರಿ.

ಆಗ ನಾನು ಆ ಮಾತು ಅಂದೆ. ಹತ್ತು ಜನರ ಎದುರಿಗೆ, ನಗುತ್ತಾ. "ನಿಮ್ಮ ಈ ಯಂತ್ರ ಹುಟ್ಟದಿದ್ದರ ಜಗತ್ತಿಗೆ ಛಲೋ ಆಗ್ತಿತ್ತು." ಎಲ್ಲರೂ ನಕ್ಕರು. ನಿಮ್ಮ ಕೈಯಲ್ಲಿದ್ದ ರೊಟ್ಟಿ ಮೆಲ್ಲಗೆ ಕೆಳಗಿಳಿದದ್ದನ್ನು ನಾನು ನೋಡಿದೆ, ನೋಡಿಯೂ ಮತ್ತೊಂದು ಸಲ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅವತ್ತು ಉಂಡೆವು, ಮಲಗಿದೆವು, ಜಗಳ ಮಾತ್ರ ನಮ್ಮ ನಡುವೆ ಎಚ್ಚರವಾಗಿಯೇ ಇತ್ತು. ಮುಂಜಾನೆ ಎದ್ದರೆ ನೀವಿಲ್ಲ. ಗುರಪ್ಪನ ಪಂಪು ನೋಡಿ ಬರುತ್ತೇನೆಂದು ಇಮಾಮಹುಸೇನನಿಗೆ ಹೇಳಿ ಬಾದಾಮಿ ಬಸ್ಸು ಹತ್ತಿದ್ದಿರಿ. ಒಂದು ಪಂಪಿಗೆ ಮೂರು ವಾರ ಬೇಕೇ? ಹೊಳೆಯನ್ನೇ ಬಿಚ್ಚಿ ಜೋಡಿಸುತ್ತಿದ್ದೀರಾ?

ಇರಲಿ, ನನ್ನ ಯಂತ್ರಕ್ಕೆ ಬರುತ್ತೇನೆ. ಎಳ್ಳಮಾಸಿ ಹಬ್ಬದ ಮರುದಿನ, ಸುಮ್ಮನೆ, ನೋಡೋಣವೆಂದು ನಿಮ್ಮ ಯಂತ್ರದ ಮೇಲಿನ ಬಟ್ಟೆ ತೆಗೆದೆ. ಫೋನನ್ನು ಪಕ್ಕಕ್ಕೆ ಇಟ್ಟೆ. ಉಂಡೆ ಹಾಕಿದೆ, ಗುಂಡಿ ಒತ್ತಿದೆ. (ಗುಂಡಿಯನ್ನು ಎಡಗಡೆ ಯಾಕೆ ಇಟ್ಟಿದ್ದೀರಿ ಮಹಾರಾಯರೇ? ಜಗತ್ತಿನ ಹೆಣ್ಣುಮಕ್ಕಳೆಲ್ಲ ಎಡಚರೇನು? ಎಂದು ಬೈದುಕೊಂಡೇ ಒತ್ತಿದೆ.) ರೊಟ್ಟಿ ಬಂತು. ಖರೆ ಹೇಳುತ್ತೇನೆ, ಚೆನ್ನಾಗಿತ್ತು. ಅಂಚು ಒಡೆಯಲಿಲ್ಲ, ಹಂಚಿನ ಮೇಲೆ ಉಬ್ಬಿತು. ನಾಲ್ಕು ಮಾಡುವಷ್ಟರಲ್ಲಿ ಗೋಡೆಯಾಚೆಯಿಂದ ಗುಲಾಬಬಿಯ ದನಿ: "ಸಾವಿತ್ರೆವ್ವಾ, ಯಾಕವ್ವಾ ಸಪ್ಪಳಿಲ್ಲ? ಆರಾಮ ಅದೀಯಿಲ್ಲೋ?" ಓಣಿಯ ಎದುರಿಗೆ ಬೇಡ ಅಂದ ಯಂತ್ರವನ್ನು ಕದ್ದು ಓಡಿಸುತ್ತಿದ್ದಾಳೆ ಎಂದು ಗೊತ್ತಾದರೆ ನನ್ನ ಮುಖ ಎಲ್ಲಿಡಲಿ? "ಆರಾಮ ಅದೇನವ್ವಾ" ಎಂದು ಕೂಗಿ, ಖಾಲಿ ಹಲಗೆಯ ಮೇಲೆ ಎಡಗೈಯಿಂದ ನಾಲ್ಕು ಸಲ ಬಡಿದೆ. ಆಗ ತಲೆಯಲ್ಲಿ ಹೊಳೆಯಿತು ನೋಡಿ!

ನಿಮ್ಮ ಮೋಟಾರಿನ ಚಕ್ರಕ್ಕೆ ಒಂದು ಬೋಲ್ಟು ಹೊರಗೆ ಚಾಚಿದೆಯಲ್ಲ, ಅದು ತಿರುಗುವಾಗ ಏನನ್ನಾದರೂ ಎತ್ತಿ ಬಿಟ್ಟರೆ? ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದವಳು ನಾನು. ದೀಪಾವಳಿಗೆ ಕಣ್ಣು ದಣಿದವೆಂದು ಆ ಕೆಲಸ ಬಿಟ್ಟಿದ್ದೇನೆ, ನಿಜ, ಆದರೂ ಒಂದು ಚಕ್ರಕ್ಕೂ ಒಂದು ಅಡುಗೆಯ ಹುಟ್ಟಿಗೂ ಕೊಂಡಿ ಹಾಕುವುದು ನನಗೆ ದೊಡ್ಡ ಮಾತೇ? ಖುಶನುಮಾಳನ್ನು ಕರೆದು, ಅತ್ತೆಗೆ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡು, ಕಟ್ಟಲು ಹಚ್ಚಿದೆ. ನಾನು ಹೇಳಿದೆ, ಅವಳು ಕಟ್ಟಿದಳು. ಮೊದಲು ಹುಟ್ಟು ಹಿಟ್ಟು ನಾದುವ ಪರಾತಕ್ಕೆ ಬಡಿಯಿತು, ಗುಡಿಯ ಜಾಗಟೆಯಂತಾಯಿತು. ಕೊಬ್ಬರಿ ಚಿಪ್ಪು ಕಟ್ಟಿದೆವು, ಟಾಂಗಾ ಕುದುರೆ ಬಂದ ಹಾಗಾಯಿತು, ಸಂಗವ್ವನ ಮೊಮ್ಮಗ ಹೊರಗೆ ಬಂದು ಕುದುರೆ ಹುಡುಕಿದ. ಕೊನೆಗೆ ನನ್ನ ಹಳೆಯ ಗುಳೇದಗುಡ್ಡ ಖಣದ ಕುಪ್ಪಸ ಹರಿದು, ಒಂದು ಅಂಗೈ ಹೊಲಿಸಿ, ಒಳಗೆ ಜೋಳ ತುಂಬಿಸಿದೆ. ಐದು ಬೆರಳು ಬೇಕಾಗಿರಲಿಲ್ಲ, ಆದರೂ ಐದನ್ನೂ ಹೊಲಿಸಿದೆ, ಕೈ ಅಂದ ಮೇಲೆ ಕೈಯ ಹಾಗಿರಲಿ. ಒದ್ದೆ ಬಟ್ಟೆ ಹಾಸಿದ ಹಲಗೆಯ ಮೇಲೆ ಅದು ಬಿದ್ದರೆ, ಅಬ್ಬಾ, ಥಪ್, ಥಪ್, ಥಪ್! ನನ್ನದೇ ಕೈ! ನಾವಿಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಮರುದಿನ ಮುಂಜಾನೆ ಓಣಿಗೆ ಓಣಿಯೇ ಕೇಳಿತು. "ಏನವ್ವಾ, ಇವತ್ತ ಭಾಳ ಹುರುಪಿನ್ಯಾಗ ಬಡಿಯಾಕತ್ತೀ!" ಅಂದಳು ಗುಲಾಬಬಿ. ನಾನು ಎಡಗೈಲಿ ಚಹಾದ ಕಪ್ಪು ಹಿಡಿದು, ಹೂಂ ಅಂದೆ.

ಎರಡು ದಿನ ನಡೆಯಿತು. ಮೂರನೆಯ ದಿನ ಸಿಕ್ಕಿಬಿದ್ದೆ. ಯಾಕೆ ಗೊತ್ತೇ? ನನ್ನ ಯಂತ್ರಕ್ಕೆ ನಿಲ್ಲುವುದು ಗೊತ್ತಿಲ್ಲ. ಹೆಣ್ಣುಮಕ್ಕಳು ಇಪ್ಪತ್ತು ಇಪ್ಪತ್ತೈದು ಸಲ ಬಡಿದು, ರೊಟ್ಟಿ ಎತ್ತಿ ಹಂಚಿಗೆ ಹಾಕುತ್ತಾರೆ, ನೀರು ಸವರುತ್ತಾರೆ, ಹೊರಳಿಸುತ್ತಾರೆ, ಮತ್ತೆ ಉಂಡೆ ಹಿಡಿಯುತ್ತಾರೆ. ನಡುವೆ ಒಂದು ಸುಮ್ಮನಿರುವ ಹೊತ್ತು ಇದೆ. ನಂದು ಬಡಿಯಿತು, ಬಡಿಯಿತು, ಬಡಿಯುತ್ತಲೇ ಇತ್ತು. ಗುಲಾಬಬಿ ಸೀದಾ ಒಳಗೆ ಬಂದಳು. "ನೀ ರೊಟ್ಟಿ ಹೊಳ್ಳಿಸೂದು ಯಾವಾಗವ್ವಾ? ಇನ್ನೂರ ಸಲ ಬಡದಿ, ಅದೇನ ರೊಟ್ಟಿನೋ ಜಮಖಾನಿನೋ!" ಅಂದವಳು, ಖಣದ ಕೈ ತಾನೇ ಬಡಿಯುವುದನ್ನೂ ನಾನು ಚಹಾ ಕುಡಿಯುವುದನ್ನೂ ನೋಡಿ, ಹೊಸ್ತಿಲ ಮೇಲೆ ಕೂತುಬಿಟ್ಟಳು. ನಕ್ಕು ನಕ್ಕು ಸುಸ್ತಾದಳು. ನಾನು ನಾಚಿಕೆಯಿಂದ ಸಾಯುವಂತಾದೆ. ಆಮೇಲೆ ಅವಳು ಕಣ್ಣು ಒರೆಸಿಕೊಂಡು ದನಿ ತಗ್ಗಿಸಿ ಏನಂದಳು ಕೇಳಿ. "ನನಗೊಂದು ಮಾಡಿಕೊಡವ್ವಾ. ಬರೇ ಸಪ್ಪಳದ್ದು." ಆರು ತಿಂಗಳಿಂದ ಅವರ ಮನೆಯ ರೊಟ್ಟಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಬರುತ್ತಿದೆಯಂತೆ! ಸೊಸೆ ಕೆಲಸಕ್ಕೆ ಹೋಗುತ್ತಾಳೆ, ತನಗೆ ಸೊಂಟ ಬಗ್ಗುವುದಿಲ್ಲ, ಓಣಿಯವರು ಏನೆಂದುಕೊಂಡಾರೆಂದು ದಿನಾ ಮುಂಜಾನೆ ಖಾಲಿ ಹಲಗೆ ಬಡಿಯುತ್ತಿದ್ದಾಳೆ. ನಾವು ದಿನಾ ಕೇಳಿ, ಗುಲಾಬಬಿ ಆರಾಮ ಇದ್ದಾಳೆ ಎಂದುಕೊಂಡದ್ದು ಆ ಖಾಲಿ ಹಲಗೆಯನ್ನು. ಆ ದಿನ ಝುಣಕದ ಜೊತೆ ನನ್ನ ಸಾವಿಗೆ ತಂದ ರೊಟ್ಟಿಯೂ ಅಂಗಡಿಯದೇ. (ಖುಶನುಮಾ ಹೇಳುತ್ತಾಳೆ, ಅತ್ತೆಯ ಅಪ್ಪಣೆ ಇದೆ, ಇದನ್ನು ಬರೆಯಬಹುದಂತೆ, ಆದರೆ ಸಂಗವ್ವನಿಗೆ ತಿಳಿಯಬಾರದಂತೆ. ನನಗೆ ಈಗ ಸಂಗವ್ವನ ಮನೆಯ ಸಪ್ಪಳದ ಮೇಲೂ ಅನುಮಾನ.)

ಹೀಗಿದೆ ನೋಡಿ ಸುದ್ದಿ. ರೊಟ್ಟಿ ಮಾಡದ, ಕಾಳು ಬೀಸದ, ನೀರೆತ್ತದ, ಬರೇ ಸುಳ್ಳು ಸಪ್ಪಳ ಮಾಡುವ ಯಂತ್ರ! ಜಗತ್ತಿಗೆ ಬೇಡವಾದ ಯಂತ್ರಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದರೆ ನಂದೇ ಎಲ್ಲಕ್ಕಿಂತ ಮುಂದೆ, ನಿಮ್ಮ ಟಾಕಿ ಅದರ ಹಿಂದೆ, ಮೆಣಸಿನಕಾಯಿ ಸೈಕಲ್ಲು ಸೀನುತ್ತಾ ಅದರ ಹಿಂದೆ. ನಿಮಗಿಂತ ದೊಡ್ಡ ಹುಚ್ಚಿ ನಾನು ಎಂದು ಒಪ್ಪಿಕೊಂಡಿದ್ದೇನೆ, ಸಮಾಧಾನವಾಯಿತೇ? ಇನ್ನು ಕೆಲಸದ ಮಾತು. ನನ್ನ ಯಂತ್ರಕ್ಕೆ ನಡುನಡುವೆ ಸುಮ್ಮನಿರುವುದನ್ನು ಕಲಿಸಬೇಕು. ಇಪ್ಪತ್ತು ಥಪ್, ಒಂದು ಬಿಡುವು. ಅದು ನನಗೂ ಖುಶನುಮಾಗೂ ಆಗುವ ಕೆಲಸವಲ್ಲ, ಚಕ್ರಕ್ಕೆ ಹಲ್ಲು ಕಡಿಯಬೇಕು ಅನ್ನುತ್ತಾಳೆ ಅವಳು. ಗುಲಾಬಬಿಯದಕ್ಕೆ ಬಳೆ ಸಪ್ಪಳವೂ ಬೇಕಂತೆ, ಹಸಿರು ಗಾಜಿನವೇ ಆಗಬೇಕಂತೆ. ಒಂಬತ್ತು ದಿನಕ್ಕೆ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನೂರಾದರೂ ಬೇಕು, ಓಣಿಗೆ ಹಂಚಬೇಕು. ಈ ಸಲ ನಿಮ್ಮ ಯಂತ್ರದಿಂದಲೇ ಮಾಡುತ್ತೇನೆ, ಬಾಗಿಲು ತೆರೆದಿಟ್ಟು, ಎಲ್ಲರೂ ನೋಡುವ ಹಾಗೆ ಮಾಡುತ್ತೇನೆ. ಹತ್ತು ಜನರ ಎದುರಿಗೆ ಆಡಿದ ಮಾತನ್ನು ಹತ್ತು ಜನರ ಎದುರಿಗೇ ನುಂಗುತ್ತೇನೆ. ಆದರೆ ನೀವಿಲ್ಲದೆ ನುಂಗಿದರೆ ಅದು ಗಂಟಲಿಗಿಳಿಯುವುದಿಲ್ಲ.

ನಾಳೆ ಇಮಾಮಹುಸೇನ ಟೆಂಪೋದಲ್ಲಿ ಸೀರೆಗಳ ಗಂಟು ಹಾಕಿಕೊಂಡು ಬಾದಾಮಿಗೆ ಬರುತ್ತಾನೆ. ಈ ಪತ್ರ ಅವನ ಕೈಯಲ್ಲಿ ಕೊಡುತ್ತೇನೆ, ಮಫ್ಲರನ್ನೂ ಕೊಡುತ್ತೇನೆ. ಶಿವಯೋಗ ಮಂದಿರದ ದಾರಿಗೆ ತಿರುಗಿ ಗುರಪ್ಪಣ್ಣನ ಮನೆ ತನಕ ಬಂದು ಕೊಡುತ್ತಾನೆ. ಇಳಕಲ್ಲಿಗೆ ತಿರುಗಿ ಬರುವಾಗ ಅವನ ಟೆಂಪೋದ ಮುಂದಿನ ಸೀಟು ಖಾಲಿ ಇರುತ್ತದೆ. ನಾನು ಏನೂ ಹೇಳುವುದಿಲ್ಲ, ಸೀಟು ಖಾಲಿ ಇರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಗುರಪ್ಪಣ್ಣನಿಗೂ ಸೋಮವ್ವನಿಗೂ ನನ್ನ ಶರಣು, ಅವರ ಮನೆಯ ಮಕ್ಕಳಿಗೆ ಆಶೀರ್ವಾದ. ಬಸವಣ್ಣ ನಿಮ್ಮ ಕೆಮ್ಮಿಗೂ ನಿಮ್ಮ ಸಿಟ್ಟಿಗೂ ಒಂದೇ ಗುಳಿಗೆ ಕೊಡಲಿ.

ನಿಮ್ಮ,
ಸಾವಿತ್ರೆವ್ವ

ತಾ.ಕ. ಇದನ್ನ ನಾನ ಬರದೇನಿ, ಎಡಗೈಲೆ. ಅಕ್ಷರ ಕಾಗಿ ಕಾಲಿನಂಗ ಅದಾವು, ನಗಬ್ಯಾಡ್ರಿ. ಖುಶನುಮಾ ಲಕೋಟಿ ತರಾಕ ಹೋಗ್ಯಾಳ, ಬರೂದ್ರಾಗ ಮುಗಸಬೇಕು. ಚಾಳೀಸ ಮುರದಿಲ್ಲ. ಬಲಗೈ ಕೆಟ್ಟೇತಿ. ದೀಪಾವಳಿಂದ ಜುಮುಗುಡ್ತಿತ್ತು, ಈಗ ಬೆರಳ ಮಡಚಾಕ ಬರವಲ್ದು. ಕಣ್ಣ ದಣದಾವಂತ ಕೊಂಡಿ ಬಿಟ್ಟಿದ್ದೂ ಸುಳ್ಳ. ಗುರುವಾರ ಬಾಗಲಕೋಟಿ ದವಾಖಾನ್ಯಾಗ ಮುಂಗೈ ಕೊಯ್ತಾರಂತ. ಸಣ್ಣ ಆಪರೇಶನ್ ಐತಿ ಅಂತಾರ. ನನಗ ಭಾಳ ಅಂಜಿಕಿ ಆಗೇತಿ. ಖುಶನುಮಾ ಮೊದಲಿಂದ ಬರಿಯೂಣು ಬರಿಯೂಣು ಅಂದ್ಳು, ನಾ ಬ್ಯಾಡ ಅಂದೆ. ಅಕಿಗೆ ಬಿಟ್ಟರ ಯಾರಿಗೂ ಗೊತ್ತಿಲ್ಲಂತ ತಿಳಕೊಂಡಿದ್ದೆ. ಆದ್ರ ಗುಂಡಿ ಎಡಕ್ಕ ಯಾಕಿಟ್ರಿ ಅನ್ನೂದು ನಿನ್ನಿ ಎಡಗೈಲೆ ಒತ್ತೂ ಮುಂದ ತಿಳೀತು. ನನ್ನ ಬಲಗೈ ಕೆಟ್ಟದ್ದನ್ನ ನೀವು ನೋಡಿದ್ರಿ. ನಿನ್ನ ಕೈ ಸಲುವಾಗಿ ಮಾಡೇನಿ ಅನ್ನೂದು ಬಿಟ್ಟು ಜಗತ್ತಿನ ಹೆಣ್ಮಕ್ಕಳ ಸಲುವಾಗಿ ಅಂತ ಯಾಕಂದ್ರಿ? ಅದಕ್ಕ ನಾನೂ ಜಗತ್ತಿನ ಪರವಾಗಿ ಮಾತಾಡಿಬಿಟ್ಟೆ. ಜಗತ್ತಿಗೆ ಬ್ಯಾಡಾಗಿದ್ರ ಬ್ಯಾಡ ಇರಲಿ. ನನಗ ಬೇಕಾಗೇತಿ. ಗುರುವಾರದ ಒಳಗ ಬರ್ರಿ.